ಭಾರ ನನಗೆ ಬಿಡಿ

ಮಂಡ್ಯದ ಗುತ್ತಲು ರಸ್ತೆ, ಔಷಧಿ ಅಂಗಡಿಯ ಮೇಲಿನ ಕೋಣೆ,
ಮೆಟ್ಟಿಲು ಹದಿನೇಳು.
ಹತ್ತಿ ಬರುವವರ ಚಪ್ಪಲಿ ಸದ್ದಿಗಿಂತ ಮೊದಲು
ನಾನು ಕೇಳಿಸಿಕೊಳ್ಳುವುದು ಉಸಿರನ್ನು.
ಯಾಕೆಂದು ಆಮೇಲೆ ಹೇಳುತ್ತೇನೆ.

ಬಂದವರೆಲ್ಲರದೂ ಒಂದೇ ಮಾತು:
"ರಟ್ಟೆ ಹಿಡ್ಕಂಡದೆ ಕಣವ್ವ."
ಹಿಡಿದುಕೊಂಡಿರುವುದು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ
ಅದನ್ನು ರಟ್ಟೆಯನ್ನೇ ಕೇಳಬೇಕು.

ಮೊದಲು ನೀವೇ ಎತ್ತಿ, ಅನ್ನುತ್ತೇನೆ.
ಆಮೇಲೆ, ನೀವು ಸುಮ್ಮನಿರಿ, ಭಾರ ನನಗೆ ಬಿಡಿ.
ಇಪ್ಪತ್ತೆರಡು ವರ್ಷದ ನನ್ನ ವಿದ್ಯೆಯ ಮುಕ್ಕಾಲು ಪಾಲು
ಈ ಎರಡು ಮಾತಿನ ನಡುವೆ ಇದೆ.

ಜಬೀನ್ ತಾಜ್ ಬ್ಲೌಸ್ ಹೊಲಿಯುವವಳು.
ಸಕ್ಕರೆ ಕಾಯಿಲೆ, ಎಂಟು ವರ್ಷದ್ದು.
ಊರ ಹೆಂಗಸರ ಬೆನ್ನಿಗೆಲ್ಲ ಹುಕ್ಕು ಹಾಕಿಕೊಟ್ಟವಳಿಗೆ
ತನ್ನ ಬೆನ್ನಿನ ಹುಕ್ಕು ಸಿಗದೆ ನಾಲ್ಕು ತಿಂಗಳು.
ಅವಳು ಎತ್ತಿದರೂ ಎದೆಮಟ್ಟ,
ನಾನು ಎತ್ತಿದರೂ ಅಷ್ಟೇ.
ಮೊಣಕೈ ಪಕ್ಕೆಗಂಟಿಸಿ ಮುಂಗೈ ಹೊರಕ್ಕೆ ತಿರುಗಿಸಿದರೆ
ಗೋಡೆ.
ತುಕ್ಕು ಹಿಡಿದ ರಾಟೆ ಅದು, ಯಾರು ಜಗ್ಗಿದರೂ ತಿರುಗದು.
ಬಿಡುತ್ತದೆ, ಅಂದೆ. ವರ್ಷ, ಒಂದೂವರೆ, ಎರಡೂ ಆಗಬಹುದು.
"ನಾನು ಬಕ್ರೀದ್‌ಗೆ ಕೇಳ್ದೆ," ಅಂತ ನಕ್ಕಳು.

ಜವರಾಯಿ ಆಲೆಮನೆಯವನು.
ಕಬ್ಬಿನ ಹೊರೆಯನ್ನು ಲಾರಿಗೆ ಎಸೆದು ಎಸೆದು ಒಂದು ದಿನ
ಒಳಗೆ ಏನೋ ಪಟ್ ಅಂದಿತ್ತು.
ಅವನಾಗಿ ಎತ್ತಿದರೆ ಕೈ ಅರ್ಧ ದಾರಿಯಲ್ಲಿ ನಡುಗುತ್ತದೆ,
ನಾನು ಹಿಡಿದು ಒಯ್ದರೆ ಕಿವಿ ಮುಟ್ಟುತ್ತದೆ.
ಬಿಟ್ಟೆ. ದೊಪ್ಪನೆ ಬಿತ್ತು.
ರಾಟೆ ಸರಿಯಿದೆಯಪ್ಪ, ಹಗ್ಗ ಹರಿದಿದೆ.
ರಾತ್ರಿ ಆ ಮಗ್ಗುಲಿಗೆ ಮಲಗಲಾರ.
"ಈಗ ಗೋಡೆ ಕಡೆ ಮಕ ಮಾಡ್ಕಂಡ್ ಮಲಿಕತೀನಿ,
ಅದ್ಕೂ ಮುನಿಸ್ಕಂಡವ್ಳೆ."

ಲೆಕ್ಕದ ಟೀಚರ್ ಹೊಂಬಾಳಮ್ಮ
ಬೋರ್ಡಿನ ಮೇಲಿನ ಸಾಲು ಬರೆಯುತ್ತಾರೆ, ಕೆಳಗಿನದೂ.
ನಡುವಿನ ನಾಲ್ಕು ಸಾಲಲ್ಲಿ ಮಾತ್ರ ಚಾಕು.

ಕಂಡಕ್ಟರ್ ಪುಟ್ಟಮಾದಯ್ಯ ತಲೆ ಮೇಲೆ ಕೈ ಹೊತ್ತೇ ಬಂದ.
ಹಾಗಿಟ್ಟರೆ ಹಾಯಂತೆ.
"ಬಸ್ಸಲ್ಲಿ ಜನ ಕೇಳ್ತಾರೆ, ಯಾರೋದ್ರು ಮಾದಣ್ಣ?"
ನೋವು ಮೊಣಕೈ ದಾಟಿ ಹೆಬ್ಬೆರಳಿಗೆ ಜೋಮು.
ಕತ್ತು ಹೊರಳಿಸಿದರೆ ಕಿಡಿ.
ನನ್ನಪ್ಪ ಲೈನ್‌ಮನ್. ಹೇಳುತ್ತಿದ್ದ:
ಪಂಪು ಬಿಚ್ಚುವ ಮುಂಚೆ ಕಂಬ ನೋಡು.

ಉಸಿರಿನ ವಿಷಯ.
ಮರಿಲಿಂಗಯ್ಯನವರು ಒಂಬತ್ತನೇ ಮೆಟ್ಟಿಲಲ್ಲಿ ನಿಂತರು,
ಹದಿಮೂರರಲ್ಲಿ ಮತ್ತೆ.
ಎಡ ಭುಜ, ಹತ್ತುವಾಗ ಮಾತ್ರ, ನಿಂತರೆ ಕಮ್ಮಿ.
ಯಾವ ದಿಕ್ಕಿಗೆ ತಿರುಗಿಸಿದರೂ ತಿರುಗಿತು ಆ ಭುಜ,
ಒಂದು ಮಾತು ಎದುರಾಡಲಿಲ್ಲ.
ಅಷ್ಟು ಒಳ್ಳೆಯ ಭುಜ ಕಂಡು ನನಗೆ ಹೆದರಿಕೆಯಾಯಿತು.
ಫ್ಯಾನಿನ ಕೆಳಗೂ ಹಣೆಯಲ್ಲಿ ಬೆವರು.
"ಒಂಚೂರು ಎಣ್ಣೆ ಹಚ್ಚಿ ಕಳ್ಸವ್ವ ಸಾಕು."
ಬಾಟಲಿಯ ಮುಚ್ಚಳ ತಿರುಗಿಸಿ ನೂರಾ ಎಂಟಕ್ಕೆ ಫೋನ್ ಮಾಡಿದೆ.
ತಿಂಗಳ ಮೇಲೆ ಅವರ ಮಗಳು ಬಂದಳು,
ಮುನ್ನೂರು ರೂಪಾಯಿ ಫೀಸು ಕೊಟ್ಟೇ ಹೋಗುತ್ತೇನೆಂದು.

ಈಗ ನನ್ನದೇ.
ಯುಗಾದಿ ಕಳೆದ ಮೇಲೆ ಶುರು, ಎಡಗಡೆ.
ಜಡೆ ಹೆಣೆಯಲಾಗದೆ ಕ್ಲಿಪ್ಪು ಸಿಕ್ಕಿಸಿಕೊಂಡು ಬರುತ್ತೇನೆ.
ಬಲಗೈಯಿಂದ ಎಡಗೈ ಎತ್ತಿ ನೋಡಿದೆ.
ಎತ್ತುವವಳೂ ನಾನೇ, ಬಿಡಬೇಕಾದವಳೂ ನಾನೇ,
ಸಾಕ್ಷಿ ಎಲ್ಲಿಂದ ಬರಬೇಕು?

ಎಲ್ಲರೂ ಹೋದ ಮೇಲೆ ಕಸ ಗುಡಿಸುವ ಚಿಕ್ಕತಾಯಿಗೆ ಹೇಳಿದೆ,
ಈ ಕೈ ಹಿಡಿದು ಮೆಲ್ಲಗೆ ಎತ್ತು.
ಪೊರಕೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು,
ಕೂಸನ್ನು ಹಿಡಿಯುವ ಹಾಗೆ,
ಒಂದು ಅಂಗೈ ಮೊಣಕೈಯಡಿ, ಒಂದು ಮಣಿಕಟ್ಟಿಗೆ.
"ನೀವ್ ಬುಡ್ತಾನೇ ಇಲ್ವಲ್ಲವ್ವ."
ಬಿಟ್ಟಿದೀನಿ.
"ಎಲ್ ಬುಟ್ಟಿದ್ದೀರಿ?
ನಾನ್ ಎತ್ತಕ್ ಮುಂಚೇನೇ
ನೀವೇ ಎತ್ತಿ ಕೊಡ್ತಾ ಇದ್ದೀರಿ."