ಬೋಣಿ

ದೋಣಿಗೆ ಮೊದಲು ಹತ್ತಿದ್ದು ಸ್ಪೀಕರು, ಆಮೇಲೆ ಜನರೇಟರು,
ಉಳಿದ ಮೂಲೆಯಲ್ಲಿ ನಾನು.
ಟಾರ್ಪಾಲು ಹೊದ್ದ ಜೋಡಿ ನೀರಾನೆಯ ಹಾಗೆ ಕೂತಿದ್ದವು ಅವು.
ಅವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಅಂಬಿಗ ಒಕುಮು ಕೇಳಿದ:
"ಇವಕ್ಕೆ ಈಜು ಬರುತ್ತಾ?"
ನನಗೇ ಬರುವುದಿಲ್ಲ ಎಂದು ನಾನು ಹೇಳಲಿಲ್ಲ.

ಬಾಡಿಗೆಯ ಸ್ಪೀಕರು. ಸಾಲದ ಮಿಕ್ಸರು.
ಲ್ಯಾಪ್‌ಟಾಪು ಅಕ್ಕ ಅಪಿಯೋಳದು, ಒಂದು ಕೀಲಿ ಉದುರಿದ್ದು.
ನನ್ನದೆಂದರೆ ಹೆಸರೊಂದೇ, ಡಿಜೆ ಥಂಡರ್.
ಹೋಮಾ ಬೇಯ ಅಂಗಡಿಯಲ್ಲಿ ನೂರು ಕಾರ್ಡು ಹಾಕಿಸಿದ್ದೆ,
ಒಂದು ಬದಿಗೆ ಮಿಂಚು, ಇನ್ನೊಂದು ಬದಿಗೆ ತಪ್ಪು ಫೋನ್ ನಂಬರು.
ನೂರಕ್ಕೆ ನೂರೂ ಪೆನ್ನಿನಲ್ಲಿ ತಿದ್ದಿದೆ.

ಮ್ಫಾಂಗಾನೊ ದ್ವೀಪದಲ್ಲಿ ಆ ಸಂಜೆ
ನರ್ಸ್ ಪೆರೆಸಳ ನಿವೃತ್ತಿ.
ಮೂವತ್ತೊಂದು ವರ್ಷ ಆ ದಂಡೆಗೆಲ್ಲ ಸೂಜಿ ಚುಚ್ಚಿದವಳು,
ಕುಣಿಯಲು ಬಂದವರಲ್ಲಿ ಅರ್ಧ ಜನರ
ಹೊಕ್ಕುಳಬಳ್ಳಿ ಕತ್ತರಿಸಿದವಳು.
ಎಂಟು ಸಾವಿರ ಶಿಲಿಂಗಿಗೆ ಮಾತಾಗಿತ್ತು,
ಮೂರು ಮುಂಗಡ. ನನ್ನ ಬೋಣಿ.

ಮೂರು ತಿಂಗಳು ರಾತ್ರಿಯೆಲ್ಲ ಇಯರ್‌ಫೋನಿನಲ್ಲಿ
ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಹೊಲಿದಿದ್ದೆ,
ಹೊಲಿಗೆ ಕಾಣದ ಹಾಗೆ.
ಇನ್ನೂರ ಹನ್ನೆರಡು ಹಾಡು, ನಿಮಿಷ ನಿಮಿಷಕ್ಕೂ ಲೆಕ್ಕ.
ಹಚ್ಚಿದೆ.
ಅಂಗಳ ತುಂಬ ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ತುಂಬ ಜನ,
ಆಸ್ಪತ್ರೆಯ ಸರದಿಯಲ್ಲಿ ಕೂತ ಹಾಗೇ ಕೂತರು.
ದನಿ ಏರಿಸಿದೆ. ಒಂದು ಮಗು ಅತ್ತಿತು.
ಇನ್ನೂ ಏರಿಸಿದೆ. ಪಾದ್ರಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.
ಹೊಟ್ಟೆಯಲ್ಲಿ ಹುಣಸೆ ಕಿವುಚಿದ ಹಾಗೆ.

ಆಗ ಪೆರೆಸ್ ಬಂದಳು, ಕೈಯಲ್ಲಿ ಸೋಡಾ,
ನನ್ನ ಹೆಡ್‌ಫೋನು ಸರಿಸಿ ಅಂದಳು:
"ಮಗೂ, ಬಂದವಳಿಗೆ ಬಾಗಿಲಲ್ಲೇ ಮುಕ್ಕು ಅನ್ನಬಾರದು.
ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾಯಬೇಕು.
ನೋವಿಗೂ ಅದರದೇ ತಾಳ ಇರುತ್ತೆ."
ಹೇಳಿ, ನನ್ನ ಹಣೆ ಮುಟ್ಟಿದಳು,
ಅಭ್ಯಾಸಬಲ, ಜ್ವರವಿದೆಯೋ ಎಂದು.

ಪಟ್ಟಿ ಮುಚ್ಚಿದೆ.
ಅವಳು ಕೆಲಸಕ್ಕೆ ಸೇರಿದ ವರ್ಷದ್ದೊಂದು ಬೆಂಗಾ ಹುಡುಕಿದೆ,
ಗಿಟಾರು ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವಂಥದ್ದು.
ಮೆಲ್ಲಗೆ ಹರಿಯಬಿಟ್ಟು, ಪರದೆ ಬಿಟ್ಟು ನೆಲ ನೋಡಿದೆ.
ಮೂರನೆಯ ಸಾಲಿನಲ್ಲಿ ಒಂದು ಹವಾಯಿ ಚಪ್ಪಲಿ
ಹಿಮ್ಮಡಿ ಎತ್ತಿತು. ಇಳಿಸಿತು. ಎತ್ತಿತು.
ಅಷ್ಟೇ. ಅದನ್ನೇ ಹಿಡಿದೆ.
ಚಪ್ಪಲಿ ಪಕ್ಕದ ಬೂಟಿಗೆ ಹೇಳಿತು, ಬೂಟು ಬರಿಗಾಲಿಗೆ,
ಕುರ್ಚಿಗಳು ಗೋಡೆಗೆ ಸರಿದವು,
ಹತ್ತೂವರೆಗೆ ಪಾದ್ರಿ ಹೊರಗೆ ಬಂದರು, ತಟ್ಟೆ ಇಲ್ಲದೆ.

ಹನ್ನೊಂದಕ್ಕೆ ಜನರೇಟರು ಕೈಕೊಟ್ಟಿತು.
ಕಪ್ಪು. ಕಪ್ಪಿನೊಳಗೆ ಚಪ್ಪಾಳೆ,
ನಿಲ್ಲಿಸಿದವರಿಲ್ಲ.
ನನ್ನ ಕೈಯಲ್ಲಿ ಏನೂ ಇರಲಿಲ್ಲ,
ತಾಳ ಅವರ ಕೈಯಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ.
ನಿಜ ಹೇಳುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಒಕುಮು ದಂಡೆಗಿಳಿದು ದೋಣಿಯ ಪೆಟ್ರೋಲು ತಂದು ಸುರಿದ,
ವಾಪಸು ಹೋಗುವ ದಾರಿಯನ್ನೇ ಸುರಿದ.
ನೀರಿಗಿಳಿದ ಮೇಲೆ ಚಳಿಯೇನು!
ಅವರ ಚಪ್ಪಾಳೆ ಎಣಿಸಿ, ನಾಲ್ಕನೆಯದಕ್ಕೆ ಸರಿಯಾಗಿ
ಹಾಡನ್ನು ಇಳಿಸಿದೆ.
ಆಗೆದ್ದ ಕೂಗು ಇನ್ನೂ ನನ್ನ ಎಡಗಿವಿಯಲ್ಲಿದೆ.

ಬೆಳಗ್ಗೆ ದಂಡೆಯ ಬಲೆಗಳ ಮೇಲೆ ಒಮೇನಾ ಮೀನು ಒಣಗುತ್ತಿತ್ತು,
ಅದರ ನಡುವೆ ನಮ್ಮ ಜೋಡಿ ನೀರಾನೆ.
ಪೆಟ್ರೋಲಿಗೆ ಕಾದು ಕೂತೆವು.
ಬರಬೇಕಾದ ಐದರಲ್ಲಿ ಮೂರು ಬಂದಿತ್ತು,
ಮಿಕ್ಕಿದ್ದಕ್ಕೆ ಒಂದು ಡಬರಿ ಮೀನು.
ಬಾಡಿಗೆ ಕಳೆದರೆ ಉಳಿದದ್ದು ಮೀನೇ.

ಕೆಂಪು ಲಂಗದವಳೊಬ್ಬಳು ಬಂದು ಕೇಳಿದಳು,
ಮುಂದಿನ ತಿಂಗಳು ತಮ್ಮನ ಮದುವೆ, ಎಷ್ಟು ತಗೋತೀಯಾ?
ದೋಣಿಯ ಕಡೆ ನೋಡಿದೆ. ಒಕುಮು ಆಕಾಶ ನೋಡುತ್ತಿದ್ದ.
"ಹನ್ನೆರಡು ಸಾವಿರ," ಅಂದೆ,
ತೊದಲಲಿಲ್ಲ,
"ಪೆಟ್ರೋಲು ಬೇರೆ."