ನಲವತ್ತೆರಡನೆಯ ಚೀಟಿ

ಗುರುವಾರ ಸಂಜೆ ಆರಕ್ಕೆ
ತಾಂಪೆರೆಯ ಹಳೇ ನೂಲಿನ ಗಿರಣಿಯ ಹಿಂದೆ,
ಬಟ್ಟೆ ಒಗೆಯುವ ಯಂತ್ರಗಳಿರುವ ನೆಲಮಾಳಿಗೆಯಲ್ಲಿ
ನಾವು ಐವರು, ಒಂದು ಮೇಜು.
ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಬೂಟು ಬಾಗಿಲಲ್ಲಿ ಬಿಟ್ಟು ಕಾಲುಚೀಲದಲ್ಲೇ ಒಳಗೆ;
ಹೀಗಾಗಿ ನಮ್ಮಲ್ಲಿ ಎಲ್ಲರೂ ಹಂತಕರಂತೆಯೇ ಬರುವುದು.

ತೂರೆ ಲಿಫ್ಟು ರಿಪೇರಿಯವನು.
ನಿಂತ ಬಾವಿಯಂಥ ಕತ್ತಲಲ್ಲಿ ಹಗ್ಗಕ್ಕೆ ಎಣ್ಣೆ ಹಚ್ಚುತ್ತ
ಹಗಲೆಲ್ಲ ಯಾರ ಕಣ್ಣಿಗೂ ಬೀಳದೆ ಬದುಕುವವನು.
ಅವನ ಪಾತ್ರದ ಹೆಸರು ಇದ್ದಿಲು. ಕಸುಬು, ಕೂಲಿಗೆ ಕೊಲೆ.
ಆಸ್ತಿ, ಗೇಣುದ್ದದ ಚೂರಿ, ಎರಡು ಹನಿ ನಂಜು.
ಮೂರು ಚಳಿಗಾಲದಲ್ಲಿ ನಲವತ್ತೊಂದು ಹೆಣ.

ಲೆಕ್ಕ ನನ್ನದು. ಕತೆ ನಡೆಸುವವಳು ನಾನು:
ಗಾಳಿ, ಗೋಡೆ, ನಾಯಿ, ದೊರೆ, ಸಾಯುವವರು, ಎಲ್ಲ ನಾನೇ.
ಸತ್ತವರಿಗೆಲ್ಲ ಒಂದೊಂದು ಚೀಟಿ ಬರೆದು
ಬೂಟಿನ ಡಬ್ಬಿಯಲ್ಲಿ ಹಾಕಿಡುತ್ತೇನೆ.
ಯಾಕೆ ಅಂತ ಕೇಳಬೇಡಿ. ಶಾಲೆಯ ಅಡುಗೆಯವಳು,
ಎಷ್ಟು ತಟ್ಟೆ ಖಾಲಿಯಾದವೆಂದು ಎಣಿಸದೆ ನಿದ್ದೆ ಬಾರದು.

ಹಂತಕನ ಜೊತೆ ಆಡುವುದೆಂದರೆ ಕಾಯುವುದು.
ಅವನೊಬ್ಬನೇ ಗೋಡೆ ಹತ್ತುತ್ತಾನೆ,
ಉಳಿದವರು ಕೆಳಗೆ ಉಪ್ಪುಮಿಠಾಯಿ ಜಗಿಯುತ್ತಾರೆ.
ಮಂತ್ರವಾದಿ ವಿಲ್ಪುವಿನ ಬೆಂಕಿಯುಂಡೆ
ಮೂರು ವಾರದಿಂದ ಜೇಬಿನಲ್ಲೇ ತಣ್ಣಗಾಗಿದೆ.
ಕತ್ತಿವೀರ ಎಲ್ಯಾಸ್ ಫೋನಿನಲ್ಲಿ ಐಸ್ ಹಾಕಿಯ ಸ್ಕೋರು ನೋಡುತ್ತಾನೆ.
ಹಿಲ್ಪ ಸ್ವೆಟರಿನ ಎಡತೋಳು ಹೆಣೆದು ಮುಗಿಸಿದಳು.
ಒಬ್ಬನ ನೆರಳಿಗೆ ನಾಲ್ವರ ರಾತ್ರಿ ಬಾಡಿಗೆ.

ಜನವರಿಯ ಆ ರಾತ್ರಿ, ಕೋಟೆಯ ಒಳಗೆ
ದೊರೆ ಮಲಗಿದ್ದ. ಬಾಗಿಲಲ್ಲಿ ಒಬ್ಬ ಮುದಿ ಕಾವಲಿನವ.
‘ಏನು ಮಾಡ್ತಿದಾನೆ?’
ಎಂದೂ ಕೇಳುವವನಲ್ಲ ತೂರೆ.
ತೋಚಿದ್ದು ಹೇಳಿದೆ: ರೈ ರೊಟ್ಟಿ ಕೊಯ್ಯುತ್ತಿದ್ದಾನೆ
ಮಡಚುವ ಚಾಕುವಿನಲ್ಲಿ, ಹೆಬ್ಬೆರಳ ಕಡೆಗೆ, ತನ್ನ ಕಡೆಗೆ.
ಪುಡಿಯನ್ನು ಅಂಗೈಗೆ ಬಳಿದು ಬಾಯಿಗೆ ಹಾಕಿಕೊಂಡ.
ಕೆಮ್ಮಿದ. ಸುಸ್ತಾಗಿ ಈಗ ತೂಕಡಿಸುತ್ತಿದ್ದಾನೆ.
‘ಹೇಗೆ ಕೆಮ್ಮಿದ?’
ಕೆಮ್ಮಿ ತೋರಿಸಿದೆ:
ಎರಡು ಚಿಕ್ಕದು, ಕೊಂಚ ತಡೆದು, ಆಳದಿಂದ ಒಂದು.
ಹೊರಗೆ ಬಿದ್ದ ಮೇಲೆ ಗೊತ್ತಾಯಿತು, ಅದು ಯಾರದೆಂದು.

ಮೊದಲು ಹತ್ತಿ ಹಿಂಜುವ ಕೋಣೆ,
ಎದೆ ಕೆಟ್ಟ ಮೇಲೆ ಇದೇ ಗಿರಣಿಯ ಗೇಟು, ರಾತ್ರಿ ಪಾಳಿ.
ತೂರೆ ಹುಡುಗನಾಗಿದ್ದಾಗ ಬೇಲಿ ಹಾರಿ ಸಿಕ್ಕಿಬಿದ್ದು
ಅಪ್ಪನ ಫ್ಲಾಸ್ಕಿನ ಕಾಫಿ ಕುಡಿದು ಮನೆಗೆ ಹೋದವನು.

ದಾಳ ಎಸೆದ.
ಯಂತ್ರಗಳ ಸದ್ದಿನಲ್ಲಿ ಉರುಳುರುಳಿ ನಿಂತಿತು, ಇಪ್ಪತ್ತು.
ವಿಲ್ಪು ಎದ್ದು ನಿಂತು ಕೂಗಿದ. ಅಂಥ ಗರ ಬಿದ್ದರೆ
ಕುತ್ತಿಗೆಗೇ ಗೊತ್ತಾಗದು ಕೊಯ್ದದ್ದು.
ಚೀಟಿ ತೆಗೆದವಳು ಹಾಗೇ ಹಿಡಿದು ಕೂತೆ.
ತೂರೆ ಅಂಕಿಯನ್ನೇ ನೋಡುತ್ತ ಅಂದ:
‘ಗೂಟದಲ್ಲಿರೋ ಅವನ ಕೋಟು ತೆಗೆದು
ಹೆಗಲ ಮೇಲೆ ಹೊದಿಸ್ತೇನೆ. ಎಚ್ಚರ ಆಗಬಾರದು.’
‘ಆಮೇಲೆ?’
‘ಬಂದ ದಾರೀಲೇ ಇಳೀತೇನೆ.’

ದೊರೆ ಉಳಿದ. ಬೆಳಗಾಗುವಷ್ಟರಲ್ಲಿ ಮೂರು ಹಳ್ಳಿ ಸುಟ್ಟ.
ನಾನೇ ಸುಟ್ಟೆ; ಕತೆ ಹಾಗಿತ್ತು.
ಮುಂಗಡ ಕೊಟ್ಟವರು ಇದ್ದಿಲಿನ ತಲೆಗೆ ಬೆಲೆ ಕಟ್ಟಿದರು.
ಹಿಲ್ಪ ಹೆಣಿಗೆ ಮಡಿಲಿಗಿಳಿಸಿ ಕೇಳಿದಳು:
‘ಆ ಮೂರು ಹಳ್ಳಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲವಾ?’
ಯಾರದೋ ಬಟ್ಟೆ ತಿರುಗುವುದು ನಿಂತಿತು.
ತೆಗೆಯಲು ಯಾರೂ ಬರಲಿಲ್ಲ.

ಮುಂದಿನ ಗುರುವಾರ ತೂರೆ ಬಂದ, ಬೂಟು ಕಳಚಿದ.
ಇನ್ನೊಂದು ಗೋಡೆ, ಇನ್ನೊಬ್ಬ ಕಾವಲಿನವ.
ಏನು ಮಾಡ್ತಿದಾನೆ ಎಂದು ಅವನು ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಗರ ಹನ್ನೊಂದು. ಅಷ್ಟು ಸಾಕಾಯಿತು.
ಹೋದ ವಾರದ ಖಾಲಿ ಚೀಟಿಯಲ್ಲೇ ಬರೆದೆ,
ನಲವತ್ತೆರಡು.