ಪೋಲೆ

ನಡುರಾತ್ರಿ ಹುಟ್ಟಿದ್ದಕ್ಕೆ ಅವೂರ್ ಎಂಬ ಹೆಸರು.
ಹದಿನಾರು ವರ್ಷದಿಂದ ರಾತ್ರಿಪಾಳಿ.
ಹೆಸರಿಗೆ ತಕ್ಕ ಕೆಲಸವೇ ಸಿಕ್ಕಿತೆಂದು
ಅಜ್ಜಿ ನಗುತ್ತಿದ್ದಳು, ಇದ್ದಾಗ.

ಕಿಸುಮು. ಸರೋವರದ ಕಡೆಯ ಕಿಟಕಿಗೆ ಗಾಜಿಲ್ಲ, ಸೊಳ್ಳೆಬಲೆ.
ಮಕ್ಕಳ ವಾರ್ಡು. ಮಂಚಕ್ಕೆ ಎರಡು ಮಗು,
ಒಮ್ಮೊಮ್ಮೆ ಮೂರು, ಅಡ್ಡಡ್ಡ,
ಬುಟ್ಟಿಯಲ್ಲಿ ಜೋಡಿಸಿದ ಮೀನಿನ ಹಾಗೆ.
ಹೋಲಿಕೆ ಅವಳದೇ. ಮೊದಮೊದಲು
ಹೀಗೇನಾದರೂ ಹೊಳೆದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಎರಡೂ ಮುಕ್ಕಾಲಿಗೆ, ಒಂಬತ್ತನೇ ಮಂಚ, ಎಡಗಡೆಯ ಮಗು.
ಮಲೇರಿಯ. ರಕ್ತದ ಚೀಲ ಬರುವುದು ತಡವಾಯಿತು.
ಮಾಡಬೇಕಾದ್ದನ್ನೆಲ್ಲ ಮಾಡಿದಳು, ಕೈ ನಡುಗದೆ.
ಗಡಿಯಾರ ನೋಡಿದಳು. ಬರೆದಳು.
ಕರುಳು ಚುರುಕ್ ಅಂದೀತೆಂದು ಕಾದಳು,
ಬಸ್ಸಿಗೆ ಕಾಯುವ ಹಾಗೆ, ತುಸು ಬೇಜಾರಿನಲ್ಲಿ.
ಬರಲಿಲ್ಲ.
ಬಂದದ್ದು: ಬಲಗಡೆಯ ಮಗುವಿಗೆ ಜಾಗವಾಯಿತು.
ಆಮೇಲೆ: ಒಗೆಯಲು ಹೋದ ಹಸಿರು ಹೊದಿಕೆ ಇನ್ನೂ ಬಂದಿಲ್ಲ.

ತಾಯಿಗೆ ಹೇಳಬೇಕು.
ಅಲ್ಲಿ ಹೆತ್ತವಳನ್ನು ಕರೆಯುವುದು ಮಗುವಿನ ಹೆಸರಲ್ಲೇ.
ಪೋಲೆ, ಮಾಮಾ ಹೆಜ್ರಾನ್.
ಎರಡೂ ಮುಕ್ಕಾಲರ ತನಕ ಸರಿಯಿದ್ದ ಹೆಸರು.

ಪೋಲೆ: ಎಡವಿದವರಿಗೆ, ದಣಿದು ಬಂದವರಿಗೆ,
ಬಿಸಿಚಹಾಕ್ಕೆ ಬಾಯಿ ಸುಟ್ಟುಕೊಂಡವರಿಗೆ, ಇವಳಿಗೆ.
ಕ್ಷಮಿಸು ಅಂತಲ್ಲ, ನಿನ್ನ ನೋವು ಕಂಡೆ ಅಂತ.
ಕನ್ನಡದ ಕಿವಿಗೆ ಪೋಲಾಯಿತು ಎಂದೇ ಕೇಳೀತು;
ಅವಳ ನಾಡಿಗೆ ಆ ಅನುಮಾನವಿಲ್ಲ.
ರಾತ್ರಿಗೆ ಎಷ್ಟು ಸಲವೋ. ಆಸ್ಪತ್ರೆ ಬಚ್ಚಲಿನ ಸಾಬೂನಿನಂತೆ
ಸವೆದು ಸವೆದು ಎಲೆಯಷ್ಟು ತೆಳ್ಳಗಾದರೂ
ನೊರೆ ಬರುತ್ತದೆ, ಆಶ್ಚರ್ಯ.
ಕೈ ಮಾತ್ರ ತೊಳೆದಂತೆನಿಸುವುದಿಲ್ಲ.

ಹೋದ ತಿಂಗಳು ನೈರೋಬಿಯಿಂದ ಯಾರೋ ಬಂದು
ದಾದಿಯರಿಗೆ ಉಸಿರಾಟ ಕಲಿಸಿದರು, ಬಿಸ್ಕತ್ತು ಕೊಟ್ಟರು.
ನಾಲ್ಕೆಣಿಸಿ ಒಳಕ್ಕೆ, ನಾಲ್ಕೆಣಿಸಿ ಹೊರಕ್ಕೆ.
ನ್ಯಾಬೊಕೆ ಪಿಸುಗುಟ್ಟಿದಳು:
ಉಸಿರೆಣಿಸುವುದೇ ನಮ್ಮ ಉದ್ಯೋಗ ಕಣೇ,
ಇದಕ್ಕೂ ಸಂಬಳ ಕೇಳೋಣವಾ?
ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.
ಆ ವರ್ಷ ಅವೂರಳ ಕಣ್ಣಿಗೆ ಬಂದ ನೀರು ಅಷ್ಟೇ.

ಬೆಳಿಗ್ಗೆ ಬಾಡಿಗೆ ಬೈಕಿನ ಹಿಂದೆ ಕೂತು ಮನೆಗೆ.
ದಂಡೆಯುದ್ದಕ್ಕೂ ಅಂತರಗಂಗೆ,
ನೀರು ಕಾಣದಷ್ಟು ಹಸಿರು, ದೋಣಿಗಳಿಗೆ ದಾರಿಯಿಲ್ಲ.
ಎಷ್ಟು ಚೆಂದ ಎಂದನಂತೆ ನಿನ್ನೆ ಸವಾರಿ ಹತ್ತಿದ ಪ್ರವಾಸಿ.
ಬೈಕಿನವನು ಹೇಳುತ್ತಲೇ ಇದ್ದ. ಅವಳು ಹೂಂಗುಟ್ಟಲಿಲ್ಲ.

ಬಾಗಿಲಲ್ಲಿ ಲವೆಂಡಾ, ಎಂಟು ವರ್ಷ,
ತರಚಿದ ಮೊಣಕಾಲು ಚಾಚಿ ಕೂತಿದ್ದಳು.
ಪೋಲೆ, ಅಂದಳು ಅವೂರ್, ಚಪ್ಪಲಿ ಬಿಡುತ್ತ.
ಅದಲ್ಲ, ಅಂದಳು ಹುಡುಗಿ.
ಅದು ವಾರ್ಡಿನದು.

ಅವೂರ್ ಮೆಟ್ಟಿಲ ಮೇಲೆ ಕುಸಿದಳು.
ಗಾಯ ನೋಡಿದಳು: ಎರಡು ಸೆಂಟಿಮೀಟರು, ಹೊಲಿಗೆ ಬೇಡ.
ಇನ್ನೊಂದನ್ನು ಎಲ್ಲಿಟ್ಟಿದ್ದೆ ಎಂಬಂತೆ
ಸಮವಸ್ತ್ರದ ಜೇಬಿಗೆ ಕೈಹಾಕಿದಳು.
ಪೆನ್ನಿನ ಮುಚ್ಚಳ. ಐವತ್ತು ಶಿಲ್ಲಿಂಗು.
ಬಿಳಿ ಅಂಟುಪಟ್ಟಿಯ ತುಂಡೊಂದು,
ತನ್ನದೇ ಅಕ್ಷರ: ಹೆಜ್ರಾನ್.

ಬಿಡಿಸಿ, ಮಡಿಚಿ, ಮತ್ತೆ ಬಿಡಿಸಿದಳು.
ಲವೆಂಡಾ ಕಾಲು ಹಿಂದೆಳೆದುಕೊಳ್ಳಲಿಲ್ಲ.
ಕಾದಳು.